ಎಂಜಲಾದ ಟ್ಯಾಂಕು

ಸುಟ್ಟ ಹರಳೆಣ್ಣೆ ಒಮ್ಮೆ ಬಟ್ಟೆಗೆ ಹತ್ತಿದರೆ ಆ ಬಟ್ಟೆಯ ಕಥೆ ಮುಗಿದಂತೆಯೇ. ಒಗೆದರೆ ಹೋಗುವುದಿಲ್ಲ, ಬಿಸಿಲಿಗೆ ಹರವಿದರೆ ಇನ್ನಷ್ಟು ನಾರುತ್ತದೆ. ರೇಡಿಯೋ ಡಬ್ಬಿ ಹಿಡಿದು ಹಾರಿಸುವ ಸಣ್ಣ ವಿಮಾನಗಳ ಇಂಜಿನ್ ಕುಡಿಯುವುದು ಇದನ್ನೇ. ನಾಲ್ಕು ಪಾಲು ಮೆಥನಾಲ್ ಸ್ಪಿರಿಟ್ಟಿಗೆ ಒಂದು ಪಾಲು ಹರಳೆಣ್ಣೆ. ಸ್ಪಿರಿಟ್ಟು ಉರಿದುಹೋಗುತ್ತದೆ. ಎಣ್ಣೆ ಮಾತ್ರ ಅರ್ಧಂಬರ್ಧ ಬೆಂದು, ಸೈಲೆನ್ಸರಿನ ಬಾಯಿಂದ ಹೊರಬಿದ್ದು, ವಿಮಾನದ ಮೂತಿಯಿಂದ ಬಾಲದವರೆಗೆ ನೆಗಡಿ ಹಿಡಿದ ಮಗುವಿನ ಮೂಗಿನ ಹಾಗೆ ಸುರಿದಿರುತ್ತದೆ. ಹಾರಿಸಿದವರು ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಹೋಗುತ್ತಾರೆ. ಲೋಳೆ ಬಳಿಯುವವನು ಬೇರೆ ಇರುತ್ತಾನೆ. ಎರಡು ವರ್ಷ ಆ ಕೆಲಸ ನನ್ನದಾಗಿತ್ತು.

ನಾನು ಕರಿಯಣ್ಣ. ಹದಿನೈದು ವರ್ಷ ಏರ್‌ಫೋರ್ಸಿನಲ್ಲಿ ಇಂಜಿನ್ ಫಿಟ್ಟರ್ ಆಗಿದ್ದು, ಎಪ್ಪತ್ತೊಂಬತ್ತರಲ್ಲಿ ಊರಿಗೆ ಬಂದು, ಕಡೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟೆ. ಏರ್‌ಫೋರ್ಸಿನಲ್ಲಿ ನನ್ನನ್ನು ಕಾರ್ಪೊರಲ್ ಎನ್ನುತ್ತಿದ್ದರು. ಇಲ್ಲಿ ರೈಲಿನಿಂದ ಇಳಿದ ಎರಡನೇ ದಿನಕ್ಕೇ ಮತ್ತೆ ‘ಲೇ ಕರಿಯ’ ಆದೆ. ನನ್ನ ಕೈಯಲ್ಲಿ ರಿಪೇರಿಯಾದ ಪಂಪು ಎಳೆದ ನೀರನ್ನು ಎಲ್ಲರೂ ಕುಡಿಯುತ್ತಾರೆ. ನಾನು ಅವರ ಮನೆಗೆ ಹೋದರೆ ಜಗಲಿಯ ಕೆಳಗೇ ನಿಲ್ಲಬೇಕು. ಇದನ್ನು ಯೋಚಿಸಿದಾಗಲೆಲ್ಲ ನನಗೆ ವಾಕರಿಕೆ ಬರುತ್ತದೆ. ಯೋಚಿಸದೆ ಇರಲು ಬರುವುದಿಲ್ಲ.

ವಿಮಾನದ ಯಜಮಾನರು ಸೋಮಶೇಖರಪ್ಪನವರು. ತರೀಕೆರೆಯಲ್ಲಿ ಅಡಿಕೆ ಮಂಡಿ, ಅಜ್ಜಂಪುರದ ಹತ್ತಿರ ತೆಂಗಿನ ತೋಟ. ಎಂಬತ್ತೊಂದರಲ್ಲಿ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋದವರು ಯಾರೋ ಪಾರ್ಸಿಯಿಂದ ಈ ವಿಮಾನವನ್ನು ಕೊಂಡು ತಂದರು. ಐದಡಿ ರೆಕ್ಕೆ, ಕೆಂಪು ಬಣ್ಣ, ನೋಡುವುದಕ್ಕೆ ಲಕ್ಷಣವಾಗಿಯೇ ಇತ್ತು. ತಂದ ಮೇಲೆ ಅದನ್ನು ಹೇಗೆ ನಡೆಸುವುದೆಂದು ಗೊತ್ತಾಗದೆ, ಏರ್‌ಫೋರ್ಸಿನಿಂದ ಬಂದವನೊಬ್ಬ ಕಡೂರಿನಲ್ಲಿದ್ದಾನೆ ಎಂದು ಕೇಳಿ ನನ್ನಲ್ಲಿಗೆ ಕಾರು ಕಳಿಸಿದರು. ಅಜ್ಜಂಪುರದ ಕಾವಲಿನ ಬಯಲಿನಲ್ಲಿ, ಅಮೃತಮಹಲ್ ದನಗಳು ಬೆದರಿ ಓಡದಷ್ಟು ದೂರದಲ್ಲಿ, ಆರು ತಿಂಗಳು ಅವರಿಗೆ ಹಾರಿಸುವುದನ್ನು ಕಲಿಸಿದೆ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಕಲಿತರು.

ಆದರೆ ತೊಳೆಯುವುದನ್ನು ಕಲಿಯಲಿಲ್ಲ. ಹಾರಿಸಿ ಮುಗಿದ ಮೇಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಬಸಿಯಬೇಕು, ಪೈಪಿನಲ್ಲಿರುವುದು ಮುಗಿಯುವವರೆಗೆ ಇಂಜಿನ್ ಓಡಿಸಿ ಒಣಗಿಸಬೇಕು. ಅಷ್ಟೇ, ಹತ್ತು ನಿಮಿಷದ ಕೆಲಸ. ಅವರು ವಿಮಾನವನ್ನು ಹಾಗೇ ಕೊಟ್ಟಿಗೆಯ ಅಟ್ಟಕ್ಕೆ ಸೇರಿಸಿಬಿಡುತ್ತಿದ್ದರು. ಮೂರು ವಾರ ಬಿಟ್ಟು ನಾನು ಬಂದು ಬಿಚ್ಚಿದರೆ ಒಳಗೆ ಹೇಳಲಾರದ ಹೊಲಸು. ಸ್ಪಿರಿಟ್ಟು ಹಾರಿಹೋಗಿ ಹರಳೆಣ್ಣೆ ಕಂದು ಬಣ್ಣದ ಅಂಟಾಗಿ ಗೋಡೆಗೆ ಹತ್ತಿರುತ್ತಿತ್ತು. ಟ್ಯಾಂಕಿನೊಳಗೆ ಮೆತ್ತನೆಯ ಪೈಪಿನ ತುದಿಗೆ ಒಂದು ಹಿತ್ತಾಳೆ ಗುಂಡು ಇರುತ್ತದೆ. ವಿಮಾನ ಎತ್ತ ವಾಲಿದರೂ ಎಣ್ಣೆ ಇರುವ ಕಡೆಗೇ ಅದು ಉರುಳಿ ಹೋಗಿ ಹೀರಿಕೊಳ್ಳಬೇಕು. ಆ ಗುಂಡು ಅಂಟಿನಲ್ಲಿ ಹೂತುಕೊಂಡು ಅಲುಗಾಡುತ್ತಿರಲಿಲ್ಲ. ಅದರ ಬಾಯಿಯ ಜಾಲರಿಯಲ್ಲಿ ಸತ್ತ ಇರುವೆಗಳು. ಒಮ್ಮೆ ಒಂದು ಜಿರಲೆ ಕಾಲೂ ಸಿಕ್ಕಿತು.

“ಸಾವ್ಕಾರ್ರೇ, ಉಂಡ ತಟ್ಟೇನ ಮೂರು ವಾರ ತೊಳೀದೆ ಇಟ್ಟು ಮತ್ತೆ ಅದ್ರಲ್ಲೇ ಉಣ್ತೀರಾ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಅದಕ್ಕೇ ಅಲ್ವೇನಪ್ಪಾ ನೀನಿರೋದು” ಎಂದು ನಕ್ಕರು.

ಹೇಸಿಗೆಯಾಗುತ್ತಿದ್ದರೂ ಏಕೆ ಹೋಗುತ್ತಿದ್ದೆ ಎಂದು ನೀವು ಕೇಳಬಹುದು. ಸೋಮಶೇಖರಪ್ಪನವರು ಅಧ್ಯಕ್ಷರಾಗಿ ತರೀಕೆರೆಯಲ್ಲಿ ಒಂದು ಕೈಗಾರಿಕಾ ಶಾಲೆ ತೆರೆಯುವುದರಲ್ಲಿದ್ದರು. ಅದರ ವರ್ಕ್‌ಶಾಪಿಗೆ ಒಬ್ಬ ಮೇಷ್ಟ್ರು ಬೇಕಾಗಿತ್ತು. “ಆ ಜಾಗ ನಿಂದೇ ಕಣೋ ಕರಿಯಣ್ಣ, ಕಮಿಟಿಗೆ ನಾನು ಹೇಳ್ತೀನಿ” ಎಂದು ಮಾತು ಕೊಟ್ಟಿದ್ದರು. ಸಂಬಳದ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಆಸೆ ಬೇರೆಯಿತ್ತು. ನಲವತ್ತು ಹುಡುಗರು, ಎಲ್ಲ ಜಾತಿಯವರ ಮಕ್ಕಳು, ಎದ್ದು ನಿಂತು ನನ್ನನ್ನು ‘ಸಾರ್’ ಎನ್ನಬೇಕು. ಅದನ್ನು ಒಂದು ದಿನವಾದರೂ ಕಿವಿಯಾರೆ ಕೇಳಬೇಕೆಂದು ನಾನು ಎರಡು ವರ್ಷ ಲೋಳೆ ಬಳಿದೆ.

ಎಂಬತ್ತಮೂರರ ಮಾಘದಲ್ಲಿ ಸೋಮಶೇಖರಪ್ಪನವರ ತಂದೆಯ ಮೊದಲ ವರ್ಷದ ಪುಣ್ಯತಿಥಿ ಬಂತು. ತೋಟದಲ್ಲೇ ಗದ್ದುಗೆ ಕಟ್ಟಿಸಿದ್ದರು. ಆ ದಿನ ವಿಮಾನದಿಂದ ಗದ್ದುಗೆಯ ಮೇಲೆ ಹೂವಿನ ಮಳೆ ಸುರಿಸಬೇಕೆಂಬುದು ಅವರ ಹಂಬಲ. ವಿಮಾನದ ಹೊಟ್ಟೆಯ ಕೆಳಗೆ ಒಂದು ತಗಡಿನ ಡಬ್ಬಿ ಕಟ್ಟಿ, ಡಬ್ಬಿಯ ಬಾಗಿಲು ರೇಡಿಯೋದಿಂದಲೇ ತೆರೆಯುವ ಹಾಗೆ ನಾನು ಮಾಡಿಕೊಟ್ಟೆ. ಶಾಲೆಯ ಕಮಿಟಿಯವರೆಲ್ಲ ಅಂದು ಬರುವವರಿದ್ದರು.

“ಅವತ್ತು ಎಲ್ರ ಮುಂದೆ ನಿನ್ನ ಹೆಸರು ಹೇಳಿ, ಆರ್ಡರ್ ಕೊಟ್ಬಿಡ್ತೀನಿ” ಎಂದರು.

ಅವರ ತಾಯಿ ಸಾವಿತ್ರಮ್ಮನವರು ತೋಟದ ಮನೆಯಲ್ಲೇ ಇರುತ್ತಿದ್ದರು. ಮುದುಕಿ ಒಳ್ಳೆಯವರು, ಅದನ್ನೂ ಹೇಳಬೇಕು. ವಿಮಾನಕ್ಕೆ ಹರಳೆಣ್ಣೆ ಬೇಕೆಂದು ತಿಳಿದು, ತಾವೇ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ತೆಗೆದ ಒಂದು ಸೀಸೆ ಎಣ್ಣೆಯನ್ನು ನನಗಾಗಿ ಇಟ್ಟಿದ್ದರು. ನಾನು ಬೇಡವೆಂದೆ.

“ಮನೇಲಿ ಕಾಯ್ಸಿದ ಎಣ್ಣೆಯಾಗೆ ನೀರಿನ ಪಸೆ ಇರ್ತದೆ ಅವ್ವಾರೇ. ಮಿಲ್ಲಲ್ಲಿ ಒತ್ತಿ ತೆಗ್ದಿದ್ದೇ ಆಗ್ಬೇಕು. ನೀರು ಸೇರಿದ್ರೆ ಸ್ಪಿರಿಟ್ಟು ಬೇರೆ ಎಣ್ಣೆ ಬೇರೆ ಒಡೆದೋಗ್ತದೆ, ಮ್ಯಾಲೆ ಹೋಗಿದ್ದು ಹಂಗೇ ನಿಂತೋಗ್ತದೆ.”

ಅವರು ಆ ಮಾತನ್ನು ಎಷ್ಟು ನಿಷ್ಠೆಯಿಂದ ಹಿಡಿದುಕೊಂಡರೆಂದರೆ, ಆಮೇಲೆ ಆಳುಮಕ್ಕಳು ಒದ್ದೆ ಕೈಯಲ್ಲಿ ವಿಮಾನದ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ.

ಪುಣ್ಯತಿಥಿಯ ಹಿಂದಿನ ದಿನ ಮಧ್ಯಾಹ್ನ ಪ್ಯಾಸೆಂಜರ್ ರೈಲಿನಲ್ಲಿ ಅಜ್ಜಂಪುರಕ್ಕೆ ಹೋದೆ. ಚೀಲದಲ್ಲಿದ್ದ ಎಣ್ಣೆ ಡಬ್ಬಿಯ ವಾಸನೆಗೆ ಪಕ್ಕದಲ್ಲಿ ಕೂತಿದ್ದವನು ಎದ್ದು ಬೇರೆ ಕಡೆ ಹೋದ. ತೋಟದ ಮನೆಯ ಹಿತ್ತಿಲಲ್ಲಿ ಕೂತು ಟ್ಯಾಂಕನ್ನು ಹೊರಗೆ ತೆಗೆದೆ. ಯಥಾಪ್ರಕಾರ ಒಳಗೆಲ್ಲ ಅಂಟು. ಸ್ಪಿರಿಟ್ಟು ಹಾಕಿ ಕುಲುಕಿ ಚೆಲ್ಲಿದೆ, ಮತ್ತೆ ಹಾಕಿದೆ, ಕುಲುಕಿದೆ. ಆರು ಸಲ. ಹಳೆ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿದೆ. ಗುಂಡಿನ ಜಾಲರಿಯನ್ನು ಸೂಜಿಯಿಂದ ಕೆರೆದು ಬೆಳಕಿಗೆ ಹಿಡಿದು ನೋಡಿದೆ. ಕೊನೆಗೆ ಸಾಬೂನಿನಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿದೆ.

ಇಷ್ಟಾದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಟ್ಯಾಂಕಿನ ಒಂದು ಪೈಪನ್ನು ಮುಚ್ಚಿ, ಟ್ಯಾಂಕನ್ನು ನೀರಿನ ಬಕೀಟಿನಲ್ಲಿ ಮುಳುಗಿಸಿ ಹಿಡಿದು, ಇನ್ನೊಂದು ಪೈಪಿಗೆ ಬಾಯಿಟ್ಟು ಊದಬೇಕು. ಎಲ್ಲಾದರೂ ಗುಳ್ಳೆ ಎದ್ದರೆ ಅಲ್ಲಿ ತೂತಿದೆ ಎಂದರ್ಥ. ಕೂದಲೆಳೆಯಷ್ಟು ತೂತಿದ್ದರೂ ಗಾಳಿ ಎಳೆದುಕೊಂಡು ಇಂಜಿನ್ ಆಕಾಶದಲ್ಲಿ ಸಾಯುತ್ತದೆ. ನಾನು ಊದುತ್ತಿದ್ದೆ.

“ಏನೋ ಅದು? ಬಾಯಿ ಹಾಕ್ತಿದೀಯ?”

ಸೋಮಶೇಖರಪ್ಪನವರ ಭಾವಮೈದುನ ಕಲ್ಲೇಶಪ್ಪ. ಬಾಯಿತುಂಬ ಎಲೆಅಡಿಕೆ ತುಂಬಿಕೊಂಡು ನಿಂತಿದ್ದ.

“ಸೋರ್ತದಾ ಅಂತ ನೋಡ್ತಿದೀನಿ.”

“ನಾಳೆ ಗದ್ದುಗೆಗೆ ಹೂವ ಹೊತ್ಕೊಂಡು ಹೋಗೋದು ಕಣೋ ಅದು! ಎಂಜಲು ಮಾಡಿಟ್ಟಲ್ಲೋ!”

“ಇದು ಎಣ್ಣೆ ಟ್ಯಾಂಕು. ಹೂವಿನ ಡಬ್ಬಿ ಬೇರೆ ಐತೆ. ಎರಡು ವರ್ಷದಿಂದ ಹಿಂಗೇ ಊದ್ತಿದೀನಿ, ನೋಡಿರ್ಲಿಲ್ವಾ?”

ಕಲ್ಲೇಶಪ್ಪ ಅಲ್ಲೇ ಬಾಳೆಗಿಡದ ಬುಡಕ್ಕೆ ಪಿಚಕ್ಕನೆ ಕೆಂಪಗೆ ಉಗಿದು ಒಳಗೆ ಹೋದ. ಒಂದು ಹನಿ ನನ್ನ ಬಕೀಟಿನ ಅಂಚಿಗೂ ಸಿಡಿಯಿತು. ಅದು ಎಂಜಲಲ್ಲ. ನನ್ನ ಉಸಿರು ಎಂಜಲು. ನಾನು ಬಕೀಟು ಚೆಲ್ಲಿ ಬೇರೆ ನೀರು ಹಿಡಿದುಕೊಂಡು ಮತ್ತೆ ಊದಿದೆ. ಒಂದು ಗುಳ್ಳೆಯೂ ಏಳಲಿಲ್ಲ.

ಮರುದಿನ ಬೆಳಗ್ಗೆ ಟ್ಯಾಂಕು ತುಂಬಿಸಿ, ಇಂಜಿನ್ ಶುರುಮಾಡಿ, ಸದ್ದು ಹದಕ್ಕೆ ತಂದು ನಿಲ್ಲಿಸಿದೆ. ಖರ್ಚಾದಷ್ಟು ಮತ್ತೆ ತುಂಬಿಸಿ, ವಿಮಾನವನ್ನು ಹಜಾರದ ಮೇಜಿನ ಮೇಲೆ ಇಡಲು ಆಳಿನ ಕೈಗೆ ಕೊಟ್ಟೆ. ನಾನು ಹಜಾರಕ್ಕೆ ಹೋಗುವಂತಿರಲಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ನನಗೆಂದು ಹಾಕಿದ ಎಲೆಯಲ್ಲಿ ಉಪ್ಪಿಟ್ಟು ತಿಂದೆ.

ಹತ್ತು ಗಂಟೆಗೆ ಮುನ್ನೂರು ಜನ ಸೇರಿದ್ದರು. ಕಮಿಟಿಯವರು ಮುಂದಿನ ಸಾಲಿನ ಕುರ್ಚಿಗಳಲ್ಲಿದ್ದರು. ಸೋಮಶೇಖರಪ್ಪನವರು ಹಣೆಗೆ ಮೂರು ಬೆರಳ ವಿಭೂತಿ, ಹೆಗಲಿಗೆ ರೇಷ್ಮೆ ಶಲ್ಯ, ಕೈಯಲ್ಲಿ ರೇಡಿಯೋ ಡಬ್ಬಿ ಹಿಡಿದು ನಿಂತಿದ್ದರು. ನಾನು ಇಂಜಿನ್ ಶುರುಮಾಡಿ ಕೈಬಿಟ್ಟೆ. ವಿಮಾನ ಓಡಿ, ಎದ್ದು, ತೆಂಗಿನ ಸುಳಿಗಳ ಮೇಲೆ ಹೋಯಿತು. ಜನ ಹೋ ಎಂದರು. ನನ್ನ ಎದೆಯೂ ತುಂಬಿತು, ಇಲ್ಲವೆನ್ನುವುದಿಲ್ಲ.

ಎರಡನೇ ಸುತ್ತಿನಲ್ಲಿ ಸದ್ದು ಬದಲಾಯಿತು. ಒಂದು ಕೆಮ್ಮು. ಮತ್ತೊಂದು. ಮೂರನೆಯ ಕೆಮ್ಮಿಗೆ ಇಂಜಿನ್ ನಿಂತೇಹೋಯಿತು. ಸೋಮಶೇಖರಪ್ಪನವರು ತಿರುಗಿಸಿಕೊಂಡು ಇಳಿಸಲು ನೋಡಿದರು. ಎತ್ತರ ಸಾಲಲಿಲ್ಲ. ಗದ್ದುಗೆಯಿಂದ ಇಪ್ಪತ್ತು ಮಾರು ಈಚೆಗೆ, ಕೊಟ್ಟಿಗೆಯ ಹಿಂದಿದ್ದ ತಿಪ್ಪೆಗುಂಡಿಗೆ ಮೂತಿ ಕೊಟ್ಟು ಬಿತ್ತು. ಡಬ್ಬಿ ಒಡೆದು ಸೇವಂತಿಗೆ ಎಸಳೆಲ್ಲ ಸಗಣಿಯ ಮೇಲೆ ಹರಡಿಕೊಂಡವು.

ಆಗ ಕಲ್ಲೇಶಪ್ಪನ ಗಂಟಲು ಕೇಳಿಸಿತು.

“ಎಂಜಲು ಬಾಯಿ ಹಾಕಿದ್ರೆ ಇನ್ನೇನಾಗುತ್ತೆ? ನೆನ್ನೆ ಕಣ್ಣಾರೆ ನೋಡ್ದೆ. ಪೈಪು ಬಾಯೊಳಗೇ ಇತ್ತು ಇವನದು.”

ಮುನ್ನೂರು ಜನ ನನ್ನ ಬಾಯಿಯನ್ನೇ ನೋಡಿದರು. ನಾನು ತಿಪ್ಪೆಗೆ ಇಳಿದೆ. ಇನ್ಯಾರು ಇಳಿಯುತ್ತಾರೆ? ಮೊಣಕಾಲವರೆಗೆ ಹೂತುಕೊಂಡು, ಸಗಣಿ ಗಂಜಲದ ರೊಚ್ಚಿನಿಂದ ಅದನ್ನು ಎತ್ತಿಕೊಂಡು ಬಂದೆ. ನನಗಾಗಿ ಜನ ದಾರಿ ಬಿಟ್ಟರು. ಕೆಲವರು ಮೂಗು ಮುಚ್ಚಿಕೊಂಡಿದ್ದರು.

ಹಿತ್ತಿಲಿಗೆ ಹೋಗಿ ಮೊದಲು ಟ್ಯಾಂಕು ಬಿಚ್ಚಿದೆ. ಉಳಿದಿದ್ದ ಎಣ್ಣೆಯನ್ನು ಒಂದು ಗಾಜಿನ ಸೀಸೆಗೆ ಬಸಿದು ಬೆಳಕಿಗೆ ಹಿಡಿದೆ. ಬೆಳಗ್ಗೆ ತಿಳಿಯಾಗಿ ತುಂಬಿಸಿದ್ದು ಈಗ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ನೋಡುತ್ತಿದ್ದ ಹಾಗೆ ಹರಳೆಣ್ಣೆ ದಪ್ಪಗೆ ಕೆಳಗೆ ಕೂತಿತು. ತಳದಲ್ಲಿ ಬೂದಿ. ಗುಂಡಿನ ಜಾಲರಿಗೆ ಹಸಿರಾದ ಏನೋ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿದೆ. ಬಿಲ್ವಪತ್ರೆಯ ಚೂರು.

ಸಾವಿತ್ರಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಿಂಬಾಗಿಲಿಗೆ ಬಂದರು. ನಾನು ಸೀಸೆ ತೋರಿಸಿದೆ.

“ಅವ್ವಾರೇ, ಇದ್ರೊಳಗೆ ನೀರು ಹಾಕಿದ್ಯಾರು?”

“ನೀರಾ? ಅಯ್ಯೋ, ನೀರು ಯಾರು ಹಾಕ್ತಾರಪ್ಪಾ? ನೀನು ಅಷ್ಟು ಹೇಳಿದ್ದೆಯಲ್ಲ, ನೀರು ಸೋಕಿಸೋಕೇ ಬಿಟ್ಟಿಲ್ಲ ನಾನು. ಬೆಳಗ್ಗೆ ವಿಮಾನ ಹಜಾರದಲ್ಲಿದ್ದಾಗ ಕಲ್ಲೇಶಿ ಬಂದು ಎಂಜಲಾಗೈತೆ ಅಂದ. ಯಜಮಾನ್ರ ಗದ್ದುಗೆಗೆ ಹೋಗೋದಲ್ವಾ, ಶುದ್ಧಿಯಾಗ್ಲಿ ಅಂತ ಪೂಜೆ ತೀರ್ಥ ಎರಡೇ ಎರಡು ಚಮಚ ಆ ಪೈಪಿಗೆ ಬಿಟ್ಟೆ. ತೀರ್ಥದಿಂದ ಏನಾಗುತ್ತಪ್ಪಾ?”

ಅವರ ಮುಖದಲ್ಲಿ ಕಳ್ಳತನವೇ ಇರಲಿಲ್ಲ. ನಾನು ನೀರು ಬೇಡವೆಂದಿದ್ದೆ, ಅವರು ನೀರು ಹಾಕಿರಲಿಲ್ಲ. ಅವರ ಮಟ್ಟಿಗೆ ಅದು ಸರಿಯೇ.

ತಲೆಯೆತ್ತಿದರೆ ಅವರ ಹಿಂದೆ ಸೋಮಶೇಖರಪ್ಪನವರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಸೀಸೆಯನ್ನು ನೋಡಿದರು, ತಾಯಿಯನ್ನು ನೋಡಿದರು. ನನ್ನ ಕಡೆ ನೋಡದೆ ತಿರುಗಿ ಹೊರಗೆ ಹೋದರು. ಅಂಗಳದಿಂದ ಅವರ ದನಿ ಕೇಳಿಸಿತು.

“ಏನಿಲ್ಲ ಕಣ್ರೀ, ನಮ್ಮ ಕರಿಯ ಟ್ಯಾಂಕು ಸರಿಯಾಗಿ ತೊಳೆದಿಲ್ಲ. ಕಸ ಸಿಕ್ಕಾಕ್ಕೊಂಡಿದೆ. ಬನ್ನಿ, ಪ್ರಸಾದಕ್ಕೆ ಏಳಿ.”

ತೊಳೆದಿಲ್ಲ! ಎರಡು ವರ್ಷ ಅವರ ಹೊಲಸನ್ನು ಉಗುರಿನಿಂದ ಕೆರೆದವನು ನಾನು. ಎಂಜಲು ಎಂದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ, ಅದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ತೊಳೆದಿಲ್ಲ ಎಂದರಲ್ಲ, ಆ ಮಾತು ಗಂಟಲಲ್ಲಿ ಕಫದ ಹಾಗೆ ಕೂತುಕೊಂಡಿತು. ಮುರಿದ ವಿಮಾನವನ್ನು ಅಲ್ಲೇ ಬಿಟ್ಟು, ಟ್ಯಾಂಕು ಮತ್ತು ಇಂಜಿನನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ. ಮನೆಯಲ್ಲಿ ನನ್ನ ಹೆಂಡತಿ ಮಾರಮ್ಮ ಬಾಗಿಲಲ್ಲೇ ಕೇಳಿದಳು.

“ಆರ್ಡರು ಕೊಟ್ರಾ?”

“ಸಗಣಿ ಕೊಟ್ರು” ಎಂದೆ.

ಮೂರು ದಿನ ಕಳೆದ ಮೇಲೆ ಸೋಮಶೇಖರಪ್ಪನವರ ಕಾರು ನನ್ನ ಅಂಗಡಿಯ ಮುಂದೆ ನಿಂತಿತು. ಎಂದೂ ಒಳಗೆ ಬರದವರು ಅಂದು ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಟೈಪು ಹೊಡೆದ ಆರ್ಡರು. ‘ಶ್ರೀ ಕರಿಯಣ್ಣನವರು, ವರ್ಕ್‌ಶಾಪ್ ಬೋಧಕರು.’ ನನ್ನ ಹೆಸರಿಗೆ ಮೊದಲು ‘ಶ್ರೀ’, ಕೊನೆಗೆ ‘ಅವರು’. ಎರಡು ಸಲ ಓದಿಕೊಂಡೆ.

“ಸಹಿ ಒಂದು ಬಾಕಿ. ಅದನ್ನೂ ಹಾಕ್ತೀನಿ” ಎಂದರು. “ಆದ್ರೆ ಕಮಿಟಿಯೋರು ಗುನುಗ್ತಾವ್ರೆ ಕಣಪ್ಪಾ. ನೀನು ಒಂದು ಚೀಟಿ ಬರ್ಕೊಟ್ಬಿಡು. ಟ್ಯಾಂಕು ತೊಳೆಯೋದು ಮರೆತಿದ್ದೆ, ಇನ್ನು ಮುಂದೆ ಹಂಗಾಗಲ್ಲ ಅಂತ. ಅವ್ವನ ಹೆಸರು ಎಲ್ಲೂ ಬರೋದು ಬ್ಯಾಡ. ವಯಸ್ಸಾದೋಳು, ಕೊರಗ್ತಾಳೆ.”

“ಅವ್ವಾರ ಹೆಸರು ನಾನ್ಯಾಕೆ ಎತ್ಲಿ ಸಾವ್ಕಾರ್ರೇ?”

“ಮತ್ತಿನ್ನೇನು? ಎರಡು ಸಾಲು ಬರಿ.”

ನಿಜ ಹೇಳುತ್ತೇನೆ, ಬರೆಯಲು ನಾನು ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಆ ‘ಶ್ರೀ’ ನನ್ನನ್ನು ಅಷ್ಟು ಎಳೆಯುತ್ತಿತ್ತು. ಒಂದು ಸುಳ್ಳಿಗೆ ನಲವತ್ತು ಹುಡುಗರ ‘ಸಾರ್’ ಸಿಗುವುದಾದರೆ ಸಿಗಲಿ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಪಕ್ಕದಲ್ಲೇ ಬಕೀಟಿತ್ತು, ಬಕೀಟಿನ ಪಕ್ಕದಲ್ಲಿ ಟ್ಯಾಂಕಿತ್ತು. ಆ ಬೆಳಗ್ಗೆಯಷ್ಟೇ ಅದನ್ನು ತೊಳೆದು ಒಣಗಿಸಿ ಹೊಸ ಪೈಪು ಹಾಕಿದ್ದೆ. ಪೆನ್ನು ಕೆಳಗಿಟ್ಟು ಟ್ಯಾಂಕನ್ನು ನೀರಿನಲ್ಲಿ ಮುಳುಗಿಸಿ ಹಿಡಿದು, ಪೈಪಿನ ತುದಿಯನ್ನು ಅವರ ಕಡೆ ಚಾಚಿದೆ.

“ಬರೀತೀನಿ. ಅದಕ್ಕೆ ಮುಂಚೆ ಇದನ್ನ ಒಂದ್ಸಲ ಊದ್ಬಿಡಿ. ನಾನಿನ್ನೂ ಊದಿಲ್ಲ, ಹೊಸಾ ಪೈಪು. ಗುಳ್ಳೆ ಬತ್ತದಾ ನೋಡಾಣ.”

“ನಾನಾ?” ಎಂದು ನಕ್ಕರು. ನಾನು ನಗಲಿಲ್ಲ. ಅವರು ಪೈಪು ಹಿಡಿದುಕೊಂಡರು. ತುದಿಯನ್ನು ಶಲ್ಯದಿಂದ ಒರೆಸಿದರು. ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದರು. ರಸ್ತೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಮೂರನೇ ಸಲ ಒರೆಸಿ ತುಟಿಯ ಹತ್ತಿರ ತಂದರು. ಅವರ ಮೇಲ್ದುಟಿ ಸೊಟ್ಟಗಾಗಿದ್ದನ್ನು ನಾನು ಕಂಡೆ. ಅಂಟಿನಲ್ಲಿ ಜಿರಲೆ ಕಾಲು ಸಿಕ್ಕಿದಾಗ ನನ್ನ ತುಟಿಯೂ ಹಾಗೇ ಆಗಿತ್ತು.

“ನೀನೇ ಊದಪ್ಪಾ. ನಂಗೆ ಅಭ್ಯಾಸ ಇಲ್ಲ” ಎಂದು ಪೈಪನ್ನು ಮೇಜಿನ ಮೇಲಿಟ್ಟರು.

ನಾನು ಆರ್ಡರನ್ನು ಮಡಿಚಿ ಅವರ ಮುಂದೆ ಸರಿಸಿದೆ.

“ಟ್ಯಾಂಕು ತೊಳೆದಿದ್ದೆ ಸಾವ್ಕಾರ್ರೇ. ಬರೆಯೋದಾದ್ರೆ ಅಷ್ಟೇ ಬರೆಯೋದು.”

“ಯೋಚ್ನೆ ಮಾಡು ಕಣೋ. ಇಂಥ ಜಾಗ ಮತ್ತೆ ಸಿಗಲ್ಲ.”

“ಗೊತ್ತು.”

ಅವರು ಎದ್ದರು. ಕಾಗದ ಜೇಬಿಗೆ ಹೋಯಿತು. ಟ್ಯಾಂಕು ಇಂಜಿನ್ ಕೇಳಲೂ ಇಲ್ಲ. ಕಾರು ತರೀಕೆರೆ ಕಡೆಗೆ ತಿರುಗಿತು. ಆ ಶಾಲೆಯ ವರ್ಕ್‌ಶಾಪಿಗೆ ಮುಂದಿನ ತಿಂಗಳು ಬಂದ ಮೇಷ್ಟ್ರು ಕಲ್ಲೇಶಪ್ಪನ ಮಗ. ಸ್ಪ್ಯಾನರ್ ಹಿಡಿಯಲೂ ಬರುತ್ತಿರಲಿಲ್ಲ ಎಂದು ಆಮೇಲೆ ಹುಡುಗರೇ ಹೇಳಿದರು.

ಕಾರು ಹೋದ ಮೇಲೆ ಅರ್ಧಕ್ಕೆ ನಿಂತ ಕೆಲಸ ಮುಗಿಸೋಣವೆಂದು ಮೇಜಿನ ಮೇಲಿದ್ದ ಪೈಪನ್ನು ತೆಗೆದುಕೊಂಡೆ. ಅದರ ತುದಿಗೆ ಸಾಬೂನು ಹಚ್ಚಿ ಉಜ್ಜಿ ತೊಳೆದೆ. ಸಾಲದೆನಿಸಿ ಮತ್ತೊಮ್ಮೆ ಹಚ್ಚಿದೆ. ಮೂರನೇ ಸಲ ಸಾಬೂನಿಗೆ ಕೈಹಾಕಿದಾಗ ಒಳಬಾಗಿಲಲ್ಲಿ ನಿಂತಿದ್ದ ಮಾರಮ್ಮ ಕೇಳಿದಳು.

“ಹೊಸಾ ಪೈಪಲ್ವಾ ಅದು? ಅಷ್ಟ್ಯಾಕೆ ತೊಳೀತಿದೀಯ?”

ಕೈ ಅಲ್ಲೇ ನಿಂತಿತು. ಅದನ್ನು ಸೋಮಶೇಖರಪ್ಪನವರು ಮುಟ್ಟಿದ್ದರೆಂದು ನಾನು ತೊಳೆಯುತ್ತಿದ್ದೆ. ಅವರು ಒರೆಸಿದ್ದೂ ಮೂರು ಸಲ. ಅವರ ಹೊಲಸನ್ನೆಲ್ಲ ಎರಡು ವರ್ಷ ಕೈಯಿಂದ ಬಳಿದಾಗಲೂ ಆಗದಷ್ಟು ಹೇಸಿಗೆ ನನಗೆ ಆ ಗಳಿಗೆ ನನ್ನ ಮೇಲೆಯೇ ಆಯಿತು.

ಸಾಬೂನು ಕೆಳಗಿಟ್ಟೆ. ನೊರೆ ಇದ್ದ ಹಾಗೆಯೇ ಪೈಪನ್ನು ಬಾಯಿಗಿಟ್ಟುಕೊಂಡು, ಟ್ಯಾಂಕನ್ನು ನೀರಿನಲ್ಲಿ ಒತ್ತಿ ಹಿಡಿದು, ಉಸಿರು ಕಟ್ಟಿ ಊದಿದೆ. ಮಾರಮ್ಮನೂ ಬಂದು ಬಕೀಟಿನೊಳಗೆ ಬಗ್ಗಿ ನೋಡಿದಳು. ಟ್ಯಾಂಕು ಎಲ್ಲಿಯೂ ಸೋರುತ್ತಿರಲಿಲ್ಲ.